ಮುಯ್ಯಾಳಿನ ಲೆಕ್ಕ

ಮುಯ್ಯಿ ಎಂಬ ಮಾತಿಗೆ ಎರಡು ಮುಖ. ಮದುವೆಯಲ್ಲಿ ಬಂದ ಉಡುಗೊರೆಯನ್ನು ಅವರ ಮನೆಯ ಮದುವೆಯಲ್ಲಿ ಮರಳಿಸುವುದೂ ಮುಯ್ಯಿ, ಹಳೆಯ ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಸುತ್ತಿನ ಹೊಲಗಳಲ್ಲಿ ಇದಕ್ಕೆ ಮೂರನೆಯ ಬಳಕೆಯೊಂದಿದೆ: ಮುಯ್ಯಾಳು. “ಇವತ್ತ ನಿಮ್ಮ ಹೊಲಕ್ಕ ನಾವ್ ಬರತೀವಿ, ನಾಳಿ ನಮ್ಮ ಹೊಲಕ್ಕ ನೀವ್ ಬರ್ರಿ.” ಕರಾರು ಇಷ್ಟೇ. ಜೋಳದ ಕಳೆ, ಕೊಯ್ಲು, ಕಣದ ರಾಶಿ, ಎಲ್ಲವೂ ಈ ಒಂದು ಮಾತಿನ ಮೇಲೆ ಸಾಗುತ್ತಿದ್ದವು. ಹೊಲದೊಡೆಯರ ಮನೆಯಿಂದ ರೊಟ್ಟಿ ಬುತ್ತಿ ಬರುತ್ತಿತ್ತು, ದುಡ್ಡು ಕೈ ಬದಲಾಗುತ್ತಿರಲಿಲ್ಲ. ಗಡಿಯಾಚೆಯ ಮರಾಠಿ ಹಳ್ಳಿಗಳಲ್ಲಿ ಇಂಥ ಕೂಡುದುಡಿಮೆಗೆ ಸಾವಡ, ಇರ್ಜಿಕ ಎಂಬ ಹೆಸರುಗಳಿವೆ.

ಇದನ್ನು ‘ನಿಸ್ವಾರ್ಥ ಸಹಕಾರ’ ಎಂದು ಹೊಗಳುವವರು ಒಮ್ಮೆ ಹಳ್ಳಿಯ ಹಿರಿಯ ಹೆಣ್ಣುಮಕ್ಕಳ ಬಾಯಿಂದ ಅದರ ಲೆಕ್ಕ ಕೇಳಬೇಕು. ಯಾರ ಮನೆಗೆ ಎಷ್ಟು ದಿನ ಹೋಗಿದ್ದೆವು, ಯಾರು ಇನ್ನೂ ಎರಡು ದಿನ ಬರಬೇಕು ಎಂಬುದು ಬರಹವಿಲ್ಲದೆ ಅವರಿಗೆ ನೆನಪಿರುತ್ತಿತ್ತು. ಬರಬೇಕಾದ ಆಳು ಬಾರದೆ ಹೋದರೆ ಮುಂದಿನ ಸುಗ್ಗಿಯಲ್ಲಿ ಆ ಮನೆಯವರ ಹೊಲಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಮುಯ್ಯಾಳಿನ ಜೀವ ಇರುವುದು ಆ ಲೆಕ್ಕದಲ್ಲಿ.

ಈ ಮಾತನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಸಾವಿರಾರು ಮೈಲಿ ದೂರದ ಇಂಡೋನೇಷ್ಯಾದ ಜಾವಾ ದ್ವೀಪ. ಅಲ್ಲಿ ಕೂಡಿ ದುಡಿಯುವ ಪದ್ಧತಿಗೆ ‘ಗೊತೊಂಗ್ ರೊಯೊಂಗ್’ ಎನ್ನುತ್ತಾರೆ. 1945ರ ಜೂನ್ 1ರಂದು ಅಲ್ಲಿನ ನಾಯಕ ಸುಕಾರ್ನೊ ತಮ್ಮ ಪ್ರಸಿದ್ಧ ಭಾಷಣದಲ್ಲಿ ಹುಟ್ಟಲಿರುವ ದೇಶಕ್ಕೆ ಐದು ತತ್ವಗಳನ್ನು ಮುಂದಿಟ್ಟರು. ಐದನ್ನೂ ಹಿಂಡಿ ಒಂದೇ ಮಾಡಿದರೆ ಉಳಿಯುವುದು ಗೊತೊಂಗ್ ರೊಯೊಂಗ್ ಎಂದರು. ಹಳ್ಳಿಯ ಮಾತು ಹೀಗೆ ರಾಷ್ಟ್ರದ ಘೋಷಣೆಯಾಯಿತು. ಆದರೆ ಇಂಡೋನೇಷ್ಯಾದ ಮಾನವಶಾಸ್ತ್ರಜ್ಞ ಕುಂಚರನಿಂಗ್ರಾಟ್ ಮಧ್ಯ ಜಾವಾದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ 1961ರಲ್ಲಿ ಪ್ರಕಟಿಸಿದ ಬರಹ ಬೇರೆಯದನ್ನೇ ತೋರಿಸಿತು. ಹಳ್ಳಿಗರ ಪಾಲಿಗೆ ಗೊತೊಂಗ್ ರೊಯೊಂಗ್ ಒಂದೇ ವಸ್ತುವಾಗಿರಲಿಲ್ಲ. ಸಾವಿನ ಮನೆಗೆ ಓಡಿಹೋಗುವುದು ಒಂದು ಬಗೆ, ಅಲ್ಲಿ ಯಾರೂ ಎಣಿಸುವುದಿಲ್ಲ. ಹೊಲದ ಕೆಲಸಕ್ಕೆ ಕರೆಯುವುದು ಇನ್ನೊಂದು ಬಗೆ, ಅಲ್ಲಿ ದಿನಕ್ಕೆ ದಿನ ಲೆಕ್ಕ. ಮೇಲಿನವರ ಅಪ್ಪಣೆಯಂತೆ ರಸ್ತೆ, ಸೇತುವೆಗೆ ದುಡಿಯುವುದು ಮೂರನೆಯ ಬಗೆ. ಮುಂದೆ ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ಸರ್ಕಾರ ಹಳ್ಳಿಗಳಿಗೆ ಅನುದಾನ ಕೊಟ್ಟು, ಉಳಿದ ದುಡಿಮೆಯನ್ನು ಗೊತೊಂಗ್ ರೊಯೊಂಗ್ ಹೆಸರಿನಲ್ಲಿ ಜನರಿಂದಲೇ ಮಾಡಿಸಿತು. ಪರಂಪರೆಯ ಹೆಸರು ಸರ್ಕಾರದ ಕೈಗೆ ಹೋದದ್ದು ಹೇಗೆ ಎಂದು ಮಾನವಶಾಸ್ತ್ರಜ್ಞ ಜಾನ್ ಬೋವೆನ್ 1986ರಲ್ಲಿ ಬರೆದ ಲೇಖನವನ್ನು ಗ್ರಾಮಾಭಿವೃದ್ಧಿಯ ಬಗ್ಗೆ ಮಾತಾಡುವವರೆಲ್ಲ ಓದಬೇಕು.

ನಮ್ಮಲ್ಲೂ ಅದೇ ನಡೆಯಿತು. 1952ರ ಅಕ್ಟೋಬರ್ 2ರಂದು ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು, ಅದರ ಜೊತೆಗೆ ‘ಶ್ರಮದಾನ’ವೂ ಬಂತು. ಉತ್ತರ ಪ್ರದೇಶದಲ್ಲಿ ಅದು ನಡೆದ ಬಗೆಯನ್ನು ಹತ್ತಿರದಿಂದ ಕಂಡ ಸಮಾಜಶಾಸ್ತ್ರಜ್ಞ ಎಸ್. ಸಿ. ದುಬೆ 1958ರ ತಮ್ಮ ಪುಸ್ತಕದಲ್ಲಿ ನೇರವಾಗಿ ಬರೆದರು: ಉಳ್ಳವರು ಮೇಲ್ವಿಚಾರಣೆಗೆ ನಿಂತರು, ಬಡವರು ಬುಟ್ಟಿ ಹೊತ್ತರು. ಆದ ರಸ್ತೆ ಗಾಡಿ ಇದ್ದವರಿಗೆ ಉಪಯೋಗವಾಯಿತು, ಕೂಲಿಯವರಿಗೆ ಒಂದು ದಿನದ ಕೂಲಿ ಹೋಯಿತು. ಕೂಲಿಯಿಲ್ಲದ ಅಂಥ ದುಡಿಮೆಗೆ ನಮ್ಮ ಕಡೆ ಹಳೆಯ ಹೆಸರೇ ಇದೆ: ಬಿಟ್ಟಿ.

ಮುಯ್ಯಾಳಿನಲ್ಲೂ ಇಂಥದೇ ಒಂದು ಕಂದಕವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೊಲವಿಲ್ಲದವರಿಗೆ ಮುಯ್ಯಾಳಿಲ್ಲ. ಇವರು ಹೋಗಿ ದುಡಿದರೂ, ಅವರು ಬಂದು ದುಡಿಯಲು ಇವರಿಗೆ ಹೊಲ ಎಲ್ಲಿದೆ? ಆಳಿಗೆ ಆಳು ಎಂಬ ನ್ಯಾಯ ಸರೀಕರ ನಡುವಿನದು. ಬಡಿಗ, ಕಂಬಾರ, ಕುಂಬಾರ, ಮಾದರು ಮೊದಲಾದವರಿಗೆ ಇದ್ದದ್ದು ‘ಆಯ’. ವರ್ಷವಿಡೀ ದುಡಿದು ರಾಶಿಯ ದಿನ ಕಣದ ಅಂಚಿನಲ್ಲಿ ನಿಂತು ಜೋಳ ಪಡೆಯುವುದು. ಧಾರವಾಡ ಸೀಮೆಯ ಹಳ್ಳಿಯೊಂದನ್ನು ‘ಶಿವಾಪುರ’ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ ಕನ್ನಡಿಗ ಸಮಾಜಶಾಸ್ತ್ರಜ್ಞ ಕೆ. ಈಶ್ವರನ್ 1966 ಮತ್ತು 1968ರ ತಮ್ಮ ಎರಡು ಪುಸ್ತಕಗಳಲ್ಲಿ ಇಂಥ ಕೊಡುಕೊಳ್ಳುವಿಕೆಯನ್ನು ಬರೀ ದರದ ಮಾತಾಗಿ ನೋಡದೆ, ಊರಿನ ನಂಟಿನ ಭಾಗವಾಗಿ ನೋಡಿದರು. ಅದು ನಿಜ. ಆ ನಂಟಿನಲ್ಲಿ ಯಾರು ಕುಳಿತು ಅಳೆಯುತ್ತಿದ್ದರು, ಯಾರು ನಿಂತು ಸೆರಗೊಡ್ಡುತ್ತಿದ್ದರು ಎಂಬುದೂ ಅಷ್ಟೇ ನಿಜ.

ಮುಯ್ಯಾಳಿನ ಲೆಕ್ಕ ಕಾಗದಕ್ಕೆ ಇಳಿದಾಗ ಏನಾಗುತ್ತದೆ? ಸಹಕಾರ ಸಂಘವಾಗುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಮೊಟ್ಟಮೊದಲ ಸಂಘಗಳಲ್ಲೊಂದು. ಕಬ್ಬೂರಿಗೆ ಹತ್ತಿರದ ಉದಾಹರಣೆಯೆಂದರೆ ಪಕ್ಕದ ತಾಲ್ಲೂಕಿನ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ವಿದ್ಯುತ್ ಸಹಕಾರಿಗಳಲ್ಲಿ ಅದೂ ಒಂದು. ಕರೆಂಟು ಪಡೆಯುವವರೇ ಷೇರುದಾರರು, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ. ಇದರ ಮಾದರಿ ಬಂದದ್ದು ಅಮೆರಿಕದ ರೈತರ ವಿದ್ಯುತ್ ಸಹಕಾರಿಗಳಿಂದ. ಅಲ್ಲಿನವರ ನೆರವಿನಿಂದಲೇ ಮುಂದೆ ಇಂಡೋನೇಷ್ಯಾದ ಲೊಂಬೊಕ್, ಲಂಪುಂಗ್, ಲುವು ಪ್ರದೇಶಗಳಲ್ಲೂ ಇಂಥ ಸಹಕಾರಿಗಳು ಹುಟ್ಟಿದವು. ಕರ್ನಾಟಕದಲ್ಲಿ ಬೇರೆ ಬಹುತೇಕ ಕಡೆ ಕರೆಂಟಿನ ಬಿಲ್ಲು ಸರ್ಕಾರಿ ಕಂಪನಿಯಿಂದ ಬರುತ್ತದೆ, ಹುಕ್ಕೇರಿಯ ಹಳ್ಳಿಗಳಿಗೆ ಮಾತ್ರ ತಮ್ಮದೇ ಸಂಘದಿಂದ. ಇಷ್ಟು ವರ್ಷ ಅದು ಉಳಿದದ್ದು ಸಣ್ಣ ಸಾಧನೆಯಲ್ಲ.

ಇತ್ತ ಹೊಲದಲ್ಲಿ ಮುಯ್ಯಾಳು ಸೊರಗಿತು. ನೀರು ಬಂದಲ್ಲೆಲ್ಲ ಜೋಳ ಹಿಂದೆ ಸರಿದು ಕಬ್ಬು ಮುಂದೆ ಬಂತು. ಜೋಳ ಸುಗ್ಗಿಗೆ ಕಾಯುತ್ತದೆ, ಕಬ್ಬು ಕಾರ್ಖಾನೆಯ ಸರದಿಗೆ ಕಾಯುತ್ತದೆ. ಕಡಿಯುವ ದಿನವನ್ನು ಹೊಲದವರು ಗೊತ್ತುಮಾಡುವುದಿಲ್ಲ, ಹಾಗಾಗಿ “ನಾಳೆ ನಿಮ್ಮಲ್ಲಿ, ನಾಡಿದ್ದು ನಮ್ಮಲ್ಲಿ” ಎನ್ನಲು ಬಾಯಿಯೇ ಬರುವುದಿಲ್ಲ. ಮಹಾರಾಷ್ಟ್ರದ ಬೀಡ ಕಡೆಯಿಂದ ಮುಂಗಡ ಪಡೆದ ಗ್ಯಾಂಗು ತನ್ನ ಮೇಸ್ತ್ರಿ ಮುಕಾದಮನೊಂದಿಗೆ ಬಂದು ಕಡಿದು ಹೋಗುತ್ತದೆ. ಆ ಗ್ಯಾಂಗಿನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ನಡೆಯುವುದನ್ನು ನೋಡುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರೊಡನೆ ಈ ಊರಿಗೆ ಮುಯ್ಯಿಯೂ ಇಲ್ಲ, ಆಯವೂ ಇಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಊರಿನ ಕೆರೆ, ರಸ್ತೆಯ ದುಡಿಮೆಗೆ ಕೂಲಿಯನ್ನು ಹಕ್ಕೆಂದು ಒಪ್ಪಿತು. ಶ್ರಮದಾನದ ಹೆಸರಿನಲ್ಲಿ ತಪ್ಪಿಹೋಗಿದ್ದ ಲೆಕ್ಕ ಅಷ್ಟರಮಟ್ಟಿಗೆ ಸರಿಯಾಯಿತು.

ಹೊಲ ಬಿಟ್ಟ ಮುಯ್ಯಾಳು ಅಡುಗೆಮನೆ ಸೇರಿತು. ಬಿಸಿಲುಗಾಲದಲ್ಲಿ ಶ್ಯಾವಿಗೆ ಹೊಸೆಯಲು, ಹಪ್ಪಳ ಲಟ್ಟಿಸಲು ಓಣಿಯ ಹೆಣ್ಣುಮಕ್ಕಳು ಇಂದಿಗೂ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತಾರೆ. ಹೋದವರಿಗೆ ಹೊಲವಿರಬೇಕೆಂಬ ಕಟ್ಟುಪಾಡಿಲ್ಲ. ಅದೇ ಗುಂಪು ಭಿಶಿಯನ್ನೂ ನಡೆಸುತ್ತದೆ: ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕಿ, ಚೀಟಿ ಎತ್ತಿ, ಒಬ್ಬರಿಗೆ ಪೂರ್ತಿ ಹಣ. ಜಾವಾದಲ್ಲಿ ಇದೇ ಪದ್ಧತಿಯ ಹೆಸರು ‘ಅರಿಸಾನ್’. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ 1962ರ ಲೇಖನದಲ್ಲಿ ಇಂಥ ಕೂಟಗಳನ್ನು ಹಳೆಯ ರೈತಬದುಕಿನಿಂದ ಹೊಸ ಹಣದ ಬದುಕಿಗೆ ಏರುವ ಏಣಿಯ ನಡುಮೆಟ್ಟಿಲು ಎಂದರು. ಬ್ಯಾಂಕುಗಳು ಬಂದಂತೆ ಇವು ಮರೆಯಾಗುತ್ತವೆ ಎಂಬುದು ಅವರ ನಿರೀಕ್ಷೆ. ಕಬ್ಬೂರ ಈಗ ಪಟ್ಟಣ ಪಂಚಾಯಿತಿಯಾಗಿದೆ. ಆದರೂ ಶ್ಯಾವಿಗೆಯ ಕಟ್ಟೆಯ ಮೇಲೆ ಈ ತಿಂಗಳ ಭಿಶಿ ಯಾರದು ಎಂಬ ಮಾತು ನಡೆದೇ ಇರುತ್ತದೆ. ಶ್ಯಾವಿಗೆ ಒಣಗುವಷ್ಟರಲ್ಲಿ ಅವರು ಮರುದಿನ ಯಾರ ಮನೆಗೆ ಹೋಗಬೇಕೆಂದು ಗೊತ್ತುಮಾಡಿಕೊಂಡು ಎದ್ದಿರುತ್ತಾರೆ.