ಎಮ್ಮೆ ಬೇಕು ಎಂದ ಹಕ್ಕಿ ವಿಜ್ಞಾನಿಗಳು

ಹಕ್ಕಿಗಳ ಸಂಶೋಧನೆಗೆ ಅಂತಲೇ ಒಂದು ಸಂಸ್ಥೆ, ಅದಕ್ಕೆ ಸರ್ಕಾರದ ದುಡ್ಡು ಎಂದರೆ ನಮ್ಮ ಚಳ್ಳಕೆರೆ ಕಡೆ ಜನ ನಗುತ್ತಾರೆ. ನವಣೆ, ಸಜ್ಜೆ ಹಾಲುಗಟ್ಟುವ ಹೊತ್ತಿಗೆ ಬೆಳಗಿನ ಜಾವಕ್ಕೇ ಎದ್ದು ಹೊಲ ಕಾಯುವವರು ನಾವು. ಈಗೀಗ ಬಿತ್ತಿದ ಶೇಂಗಾ ಬೀಜವನ್ನು ಸಾಲು ಹಿಡಿದು ಕೆದಕುವ ನವಿಲಿನ ಕಾಟ ಬೇರೆ. "ಹಕ್ಕಿ ಓಡಿಸೋಕೆ ಒಂದು ಸಂಸ್ಥೆ ಮಾಡಿದ್ರೆ ಸರಿ, ಓದೋಕೆ ಯಾಕಪ್ಪ?" ಅಂತ ನಮ್ಮ ಪಕ್ಕದ ಹೊಲದವರು ಕೇಳಿದರು. ಕೇಳಬೇಕಾದ ಮಾತೇ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು. ಇದರಲ್ಲಿ ಎಮ್ಮೆ ಇದೆ, ಗೋಲಿಬಾರ್ ಇದೆ, ನಾವು ಬೀಜಕ್ಕೆ ಸವರುವ ಔಷಧಿಯೂ ಇದೆ.

ಸಂಸ್ಥೆಯ ಹೆಸರು ಸಲೀಂ ಅಲಿ ಪಕ್ಷಿವಿಜ್ಞಾನ ಮತ್ತು ನಿಸರ್ಗ ಚರಿತ್ರೆ ಕೇಂದ್ರ. ಚಿಕ್ಕದಾಗಿ ಸಾಕಾನ್ ಅಂತಾರೆ. ಕೊಯಮತ್ತೂರಿನಿಂದ ಕೇರಳದ ಗಡಿ ಕಡೆ ಹೋದರೆ ಸಿಗುವ ಆನೈಕಟ್ಟಿಯಲ್ಲಿದೆ. ಹುಟ್ಟಿದ್ದು 1990ರಲ್ಲಿ. ಆದರೆ ಬೇರು ಅದಕ್ಕಿಂತ ನೂರು ವರ್ಷ ಹಿಂದಿನದು. 1883ರಲ್ಲಿ ಮುಂಬಯಿಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಸಲೀಂ ಅಲಿ ಎಂಬ ಹುಡುಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದು, ಅದರ ಕುತ್ತಿಗೆ ಹಳದಿ ಇದೆಯಲ್ಲ, ಇದೇನು ಜಾತಿ ಅಂತ ಕೇಳಿಕೊಂಡು ಹೋದದ್ದು ಈ ಸೊಸೈಟಿಗೇ. ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಎಂಬ ಇಂಗ್ಲಿಷರವನು ಗದರಿಸಿ ಕಳಿಸಲಿಲ್ಲ. ಹೆಸರು ಹೇಳಿ, ಪೆಟ್ಟಿಗೆಗಳನ್ನು ಎಳೆದು, ತುಂಬಿಟ್ಟ ಹಕ್ಕಿಗಳನ್ನೆಲ್ಲ ತೋರಿಸಿದ. ಅಲ್ಲಿಂದ ಶುರು.

ಈ ಸಲೀಂ ಅಲಿಗೆ ಸರ್ಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ, ಬೇಕಾದ ಡಿಗ್ರಿ ಇಲ್ಲ ಅನ್ನೋ ಕಾರಣಕ್ಕೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇದನ್ನು ಓದಿ ಸ್ವಲ್ಪ ಸಮಾಧಾನ ಆಯ್ತು ಅಂತ ಹೇಳಿದರೆ ತಪ್ಪಿಲ್ಲ! ಜರ್ಮನಿಗೆ ಹೋಗಿ ಬರ್ಲಿನ್ನಿನ ಸ್ಟ್ರೆಸೆಮನ್ ಎಂಬ ಪಂಡಿತರ ಹತ್ತಿರ ಕಲಿತು 1930ರಲ್ಲಿ ವಾಪಸು ಬಂದರು. ಕೈಯಲ್ಲಿ ಕೆಲಸ ಇಲ್ಲ. ಮುಂಬಯಿ ಹತ್ತಿರದ ಕಿಹಿಂ ಎಂಬ ಕಡಲ ತೀರದ ಊರಿನಲ್ಲಿ ಉಳಿದು ಗೀಜಗನ ಗೂಡು ನೋಡುತ್ತ ಕೂತರು.

ಗೀಜಗ ನಮಗೇನು ಹೊಸದಲ್ಲ, ಬಾವಿ ಮೇಲೆ ಬಾಗಿದ ಜಾಲಿಗೆ ಗೂಡು ನೇತಾಡುತ್ತಿರುತ್ತೆ. ಒಂದು ಮರದಲ್ಲಿ ಅರ್ಧ ಕಟ್ಟಿ ಬಿಟ್ಟ ಗೂಡು ಅಷ್ಟೊಂದು ಯಾಕೆ ಇರುತ್ತವೆ ಅಂತ ನಾವ್ಯಾರೂ ಕೇಳಿಕೊಂಡವರಲ್ಲ. ಸಲೀಂ ಅಲಿ ತಿಂಗಳುಗಟ್ಟಲೆ ನೋಡಿ ಹೇಳಿದ್ದು ಇದು: ಗಂಡು ಗೂಡನ್ನು ಅರ್ಧಕ್ಕೆ ತಂದು ನಿಲ್ಲಿಸುತ್ತೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತೆ. ಒಪ್ಪಿದರೆ ಮಾತ್ರ ಪೂರ್ತಿ ಮಾಡೋದು. ಆಕೆ ಮೊಟ್ಟೆ ಇಟ್ಟು ಕೂತ ಮೇಲೆ ಯಜಮಾನ ಇನ್ನೊಂದು ಗೂಡು ಶುರು ಮಾಡಿ ಇನ್ನೊಬ್ಬಳಿಗೆ ಕಾಯುತ್ತೆ. ಯಾರೂ ಒಪ್ಪದ ಗೂಡು ಹಾಗೇ ಅರ್ಧಕ್ಕೆ ನಿಲ್ಲುತ್ತೆ. ಕಣ್ಣ ಮುಂದೆ ಇದ್ದದ್ದೇ, ಕೂತು ನೋಡುವವರು ಬೇಕಿತ್ತು ಅಷ್ಟೆ.

ಆಮೇಲೆ ಸಂಸ್ಥಾನಗಳ ಹಕ್ಕಿ ಎಣಿಸುವ ಕೆಲಸ ಸಿಕ್ಕಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ತಿರುಗಿದರು. ಬೀದರ, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನಕ್ಕೇ ಸೇರಿದ್ದವು. ನಂತರ ಮೈಸೂರು ಸಂಸ್ಥಾನ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆದದ್ದು ಇವರು ಮಹಾರಾಜರಿಗೆ ಹೇಳಿದ್ದರಿಂದ.

ಮಂಗನ ಕಾಯಿಲೆ ತಂದ ದುಡ್ಡು

ಸೊಸೈಟಿ ದೊಡ್ಡ ರೀತಿಯಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಬಿಡುವ ಕೆಲಸ ಶುರು ಮಾಡಿದ್ದಕ್ಕೂ ನಮ್ಮ ರಾಜ್ಯಕ್ಕೂ ಒಂದು ಸಂಬಂಧ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ. ಪರೀಕ್ಷೆ ಮಾಡಿದಾಗ ಆ ವೈರಸ್ಸು ರಷ್ಯಾದ ಒಂದು ರೋಗದ ವೈರಸ್ಸಿನ ಹತ್ತಿರದ ಸಂಬಂಧಿ ಅಂತ ಗೊತ್ತಾಯ್ತು. ಹಾಗಾದರೆ ಚಳಿಗಾಲಕ್ಕೆ ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಯಲ್ಲಿ ಉಣುಗು ಹೊತ್ತು ತಂದವೇನೋ ಎಂಬ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸೊಸೈಟಿಯವರು ಬಲೆ ಹಾಕಿ ಹಕ್ಕಿ ಹಿಡಿದು ಉಂಗುರ ಹಾಕತೊಡಗಿದರು. ರೋಗವನ್ನು ಹಕ್ಕಿ ತಂದದ್ದು ಅಂತ ಕೊನೆಗೂ ರುಜುವಾತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಬರುತ್ತೆ, ಯಾವ ದಾರಿ ಹಿಡಿಯುತ್ತೆ ಅನ್ನೋ ಲೆಕ್ಕ ದೇಶಕ್ಕೆ ಸಿಕ್ಕಿತು. ನಿಮ್ಮ ಕೆರೆ ಅಂಗಳದಲ್ಲಿ ಸತ್ತ ಬಾತಿನ ಕಾಲಲ್ಲಿ ಉಂಗುರ ಕಂಡರೆ ಎಸೀಬೇಡಿ. ಮೇಲಿರುವ ನಂಬರನ್ನು ಅವರಿಗೆ ಬರೆದು ತಿಳಿಸಿ.

ಭರತಪುರದ ಎಮ್ಮೆಗಳು

ಈಗ ನಮಗೆ ಮುಖ್ಯವಾದ ಭಾಗಕ್ಕೆ ಬರೋಣ.

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಎಂಬ ಜೌಗು ಕೆರೆ ಪ್ರದೇಶ, ಸುಮಾರು 29 ಚದರ ಕಿಲೋಮೀಟರು. ಮಹಾರಾಜರ ಬಾತು ಬೇಟೆಯ ಜಾಗ. 1938ರಲ್ಲಿ ವೈಸರಾಯ್ ಲಿನ್ಲಿತ್ಗೊ ಬಂದಾಗ ಒಂದೇ ದಿನಕ್ಕೆ 4,273 ಹಕ್ಕಿ ಹೊಡೆದಿದ್ದರು. ಅದನ್ನು ಕಲ್ಲಿನ ಮೇಲೆ ಕೆತ್ತಿಸಿ ಇಟ್ಟಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಸಲೀಂ ಅಲಿ ಹಿಂದೆ ಬಿದ್ದು ಅದನ್ನು ಪಕ್ಷಿಧಾಮ ಮಾಡಿಸಿದರು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾಯಿತು.

ಸುತ್ತಲಿನ ಹಳ್ಳಿಗಳ ಸಾವಿರಾರು ಎಮ್ಮೆ ದನ ತಲೆಮಾರಿನಿಂದ ಅಲ್ಲೇ ಮೇಯುತ್ತಿದ್ದವು. ಎಮ್ಮೆ ಮೇಯ್ದರೆ ಹಕ್ಕಿಗೆ ತೊಂದರೆ, ನಿಲ್ಲಿಸಬೇಕು ಎಂಬುದು ಪರಿಸರದವರ ಅಭಿಪ್ರಾಯ. ಸಲೀಂ ಅಲಿಯವರದೂ ಅದೇ. 1982ರ ನವೆಂಬರಿನಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ಬದಲಿ ಮೇವು ಎಲ್ಲಿ ಅಂತ ಹೇಳಿದವರಿಲ್ಲ. ಜನ ಎದುರು ನಿಂತರು, ಗಲಾಟೆ ಆಯ್ತು, ಪೊಲೀಸರು ಗೋಲಿಬಾರ್ ಮಾಡಿದರು. ಹಳ್ಳಿಯ ಹಲವರು ಸತ್ತರು. ಹುಲ್ಲಿಗಾಗಿ ಸತ್ತರು. ಬರಗಾಲದಲ್ಲಿ ಎತ್ತಿನ ಮುಂದೆ ಹಿಡಿ ಸೊಪ್ಪೆ ಹಾಕೋಕೆ ಇಲ್ಲದೆ ನಿಂತವರಿಗೆ ಅದು ಅರ್ಥ ಆಗುತ್ತೆ.

ಅದೇ ಕೆರೆಯಲ್ಲಿ ಸೊಸೈಟಿಯ ವಿಜ್ಞಾನಿಗಳು ಡಾ. ವಿ.ಎಸ್. ವಿಜಯನ್ ಅವರ ಮುಂದಾಳತ್ವದಲ್ಲಿ 1980ರಿಂದ 1990ರವರೆಗೆ ಹತ್ತು ವರ್ಷ ಅಧ್ಯಯನ ನಡೆಸಿದರು. ನೀರು, ಮೀನು, ಹುಲ್ಲು, ಹಕ್ಕಿ, ಎಲ್ಲದರ ಲೆಕ್ಕ. ಎಮ್ಮೆ ನಿಂತ ಮೇಲೆ ಏನಾಯ್ತು ಅಂತ ನೋಡಿದರೆ ಪಾಸ್ಪಾಲಂ ಎಂಬ ನೀರುಹುಲ್ಲು ಚಾಪೆ ಹಾಸಿದ ಹಾಗೆ ಕೆರೆ ಮುಚ್ಚಿತು. ತೆರೆದ ನೀರು ಕಡಿಮೆ ಆಯ್ತು, ಮೀನು ಕಡಿಮೆ ಆದವು, ನೀರುಹಕ್ಕಿಗೆ ಇಳಿಯಲು ಜಾಗ ಇಲ್ಲ. ಎಮ್ಮೆ ನೀರಿಗಿಳಿದು ಮೇಯುವುದರಿಂದ, ತುಳಿಯುವುದರಿಂದ, ಸಗಣಿ ಹಾಕುವುದರಿಂದಲೇ ಆ ಕೆರೆ ಹಕ್ಕಿಗಳಿಗೆ ತಕ್ಕದಾಗಿ ಉಳಿದಿತ್ತು ಎಂದು ವರದಿ ಬರೆದರು. ನಿಷೇಧ ಬೇಕು ಎಂದವರ ಸೊಸೈಟಿಯೇ, ನಮ್ಮ ಲೆಕ್ಕ ಹೀಗೆ ಹೇಳುತ್ತೆ ಅಂತ ತಿರುಗಿ ಬರೆಯಿತು. ಎಷ್ಟು ಜನ ಹಾಗೆ ಮಾಡ್ತಾರೆ ಹೇಳಿ? ಆದರೆ ಮೊದಲೇ ಆ ದನಗಾಹಿಗಳನ್ನು ಕೂರಿಸಿಕೊಂಡು ಕೇಳಿದ್ದರೆ ಅರ್ಧ ಉತ್ತರ ಆವತ್ತೇ ಸಿಗುತ್ತಿತ್ತು ಅನ್ನೋದು ನನ್ನ ಅನಿಸಿಕೆ.

ಎಮ್ಮೆಯನ್ನು ಮಾತ್ರ ವಾಪಸು ಬಿಡಲಿಲ್ಲ, ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸಲು ಕಾನೂನಿನಲ್ಲಿ ಅವಕಾಶ ಇಲ್ಲ. ಹುಲ್ಲು ಕೊಯ್ದು ಹೊರೆ ಒಯ್ಯಲು ಹಳ್ಳಿಯವರಿಗೆ ಚೀಟಿ ಕೊಟ್ಟರು. ಅಲ್ಲಿಗೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕ್ರೌಂಚಗಳು 2002ರ ನಂತರ ಬರಲೇ ಇಲ್ಲ. ಅದಕ್ಕೆ ಬರುವ ದಾರಿಯ ಬೇಟೆಯೂ ಕಾರಣ, ಹುಲ್ಲೊಂದೇ ಅಲ್ಲ.

ಬೀಜಕ್ಕೆ ಸವರಿದ ಔಷಧಿ

ಭರತಪುರದ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. 1987ರಿಂದ 1990ರ ನಡುವೆ ಉದ್ಯಾನದಲ್ಲಿ 18 ಸಾರಸ ಕೊಕ್ಕರೆಗಳು ಸತ್ತವು. ಜೊತೆಗೆ ಕಾಳು ತಿನ್ನುವ ಬೆಳವಗಳು. ಗಾಯ ಇಲ್ಲ, ರೋಗ ಇಲ್ಲ. ಹೊಟ್ಟೆ ಕೊಯ್ದು, ಮಿದುಳು, ಪಿತ್ತಜನಕಾಂಗ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಆಲ್ಡ್ರಿನ್ ವಿಷ. ಸುತ್ತಲಿನ ಹೊಲಗಳಲ್ಲಿ ಗೆದ್ದಲಿಗೆ ಅಂತ ಬಳಸಿದ್ದು. ಸಾರಸ ಒಂದಾಳೆತ್ತರದ ಹಕ್ಕಿ, ಜೋಡಿ ಬಿಟ್ಟು ಇರುವುದಿಲ್ಲ, ಅಲ್ಲಿಯ ರೈತರು ಅದಕ್ಕೆ ಕಲ್ಲು ಹೊಡೆಯುವವರೂ ಅಲ್ಲ. ಅವರ ಕೈಯಲ್ಲೇ, ಅವರಿಗೆ ಗೊತ್ತಿಲ್ಲದೆ ಸತ್ತವು.

ಆಲ್ಡ್ರಿನ್ ಮಣ್ಣಿನಲ್ಲೂ ಮೈಯಲ್ಲೂ ಡೀಲ್ಡ್ರಿನ್ ಎಂಬ ಇನ್ನೊಂದು ವಿಷವಾಗಿ ವರ್ಷಗಟ್ಟಲೆ ಉಳಿಯುತ್ತೆ. ಹಕ್ಕಿಗಷ್ಟೇ ಅಲ್ಲ, ಹಾಲಿಗೂ ಬರುತ್ತೆ. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಬಂತು. ನಾವು ಕೈಯಲ್ಲೇ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯೂ ಅದೇ ದಶಕದಲ್ಲಿ ಹೋಯ್ತು.

ಸಲೀಂ ಅಲಿ 1987ರಲ್ಲಿ ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಕೇಂದ್ರ ಪರಿಸರ ಮಂತ್ರಾಲಯ 1990ರಲ್ಲಿ ಸಾಕಾನ್ ಶುರು ಮಾಡಿದಾಗ ಮೊದಲ ನಿರ್ದೇಶಕರಾದದ್ದು ಭರತಪುರದ ಡಾ. ವಿಜಯನ್ ಅವರೇ. ವಿಷದಿಂದ ಸತ್ತ ಹಕ್ಕಿಗಳನ್ನು ಪರೀಕ್ಷಿಸುವ ಪ್ರಯೋಗಾಲಯವೂ ಅಲ್ಲಿ ಬೆಳೆಯಿತು. ದೇಶದ ಬೇರೆ ಬೇರೆ ಕಡೆ ಸತ್ತ ನವಿಲು, ಹದ್ದುಗಳನ್ನು ಅಲ್ಲಿ ನೋಡಿದ್ದಾರೆ. ಕೆರೆ ಜೌಗುಗಳ ಪಟ್ಟಿ, ಪಶ್ಚಿಮ ಘಟ್ಟದ ಹಕ್ಕಿಗಳ ಅಧ್ಯಯನವೂ ನಡೆದಿದೆ. 2023ರಲ್ಲಿ ಸರ್ಕಾರ ಸಾಕಾನನ್ನು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಜೊತೆ ಸೇರಿಸಿತು. ಸ್ವಂತ ಕಾಲ ಮೇಲೆ ಮೂವತ್ತು ವರ್ಷಕ್ಕೂ ಮೇಲೆ ನಡೆದ ಸಂಸ್ಥೆ ಈಗ ದೊಡ್ಡ ಮನೆಯ ಒಂದು ಕೋಣೆ.

ನವಿಲಿನ ವಿಷಯ ಬಂತಲ್ಲ, ಹೇಳಿಬಿಡ್ತೀನಿ. ಕಾಳಿಗೆ ವಿಷ ಕಲಸಿ ಬದುವಿನ ಮೇಲೆ ಚೆಲ್ಲುವ ಯೋಚನೆ ಯಾರಿಗಾದರೂ ಇದ್ದರೆ ಕೈ ಬಿಡಿ. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. ಅದಕ್ಕಿಂತ ಹೆಚ್ಚಾಗಿ ಆ ಕಾಳು ಕೋಳಿಗೂ, ಗೊರವಂಕಕ್ಕೂ ಹೋಗುತ್ತೆ. ಬಿತ್ತಿ ಹತ್ತು ಹನ್ನೆರಡು ದಿನ ಬೆಳಿಗ್ಗೆ ಸಂಜೆ ಕಾಯುವುದು, ಹೊಳೆಯುವ ಕೆಂಪು ಟೇಪನ್ನು ತಿರುಚಿ ಕಟ್ಟುವುದು, ಇಷ್ಟರಲ್ಲಿ ನಾನು ಸುಧಾರಿಸಿಕೊಂಡು ಹೋಗ್ತಿದ್ದೀನಿ. ನಷ್ಟ ಪೂರ್ತಿ ನಿಲ್ಲುವುದಿಲ್ಲ, ಸುಳ್ಳು ಹೇಳಲಾರೆ. ಇದಕ್ಕೆ ಪರಿಹಾರ ಹುಡುಕಿ ಕೊಡುವುದೂ ಹಕ್ಕಿ ವಿಜ್ಞಾನಿಗಳ ಬಾಕಿ ಅಂತಲೇ ನಾನು ಲೆಕ್ಕ ಬರೆದಿಟ್ಟಿದ್ದೀನಿ.

ಇನ್ನು ರಣಹದ್ದು. ಭರತಪುರದಲ್ಲಿ 1980ರ ದಶಕದಲ್ಲಿ ಎಣಿಸಿಟ್ಟ ಲೆಕ್ಕ ಇದ್ದದ್ದರಿಂದಲೇ, ತೊಂಬತ್ತರ ದಶಕದ ಕೊನೆಯಲ್ಲಿ ಮತ್ತೆ ಎಣಿಸಿದಾಗ ಅವು ಹೇಗೆ ಕುಸಿದಿವೆ ಅಂತ ತಿಳಿದದ್ದು. ನೋವಿಗೆ ದನಕ್ಕೆ ಹಾಕುವ ಡೈಕ್ಲೋಫೆನಾಕ್ ಸೂಜಿಮದ್ದೇ ಕಾರಣ ಅಂತ 2004ರಲ್ಲಿ ಗೊತ್ತಾಯ್ತು. ಸೂಜಿ ಹಾಕಿದ ದನ ಸತ್ತರೆ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತೆ. ದನಗಳಿಗೆ ಅದನ್ನು ಹಾಕುವುದಕ್ಕೆ 2006ರಲ್ಲಿ ನಿಷೇಧ ಬಂತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎರಡಕ್ಕೂ ಬಂತು. ಎತ್ತು ಎಮ್ಮೆಗೆ ನೋವಿನ ಸೂಜಿ ಹಾಕಿಸುವಾಗ ಡಾಕ್ಟರ ಹತ್ತಿರ ಮೆಲಾಕ್ಸಿಕ್ಯಾಮ್ ಇದೆಯಾ ಅಂತ ಕೇಳಿ. ಅದು ಹದ್ದಿಗೆ ವಿಷವಲ್ಲ.