ಕಂಪ್ಯೂಟರ್: ರೆಡಿಮೇಡ್ ಕೊಳ್ಳುವುದೋ, ನಾವೇ ಜೋಡಿಸುವುದೋ?



ಹಬ್ಬಕ್ಕೆ ಅಂಗಿ ಬೇಕಾದರೆ ಎರಡು ದಾರಿ ಇವೆ. ಅಂಗಡಿಗೆ ಹೋಗಿ ರೆಡಿಮೇಡ್ ತರಬಹುದು. ಇಲ್ಲವೇ ಬಟ್ಟೆ ತಗೊಂಡು ಟೈಲರ್ ಹತ್ತಿರ ಅಳತೆ ಕೊಟ್ಟು ಹೊಲಿಸಬಹುದು. ಕಂಪ್ಯೂಟರಿಗೂ ಹೀಗೇ ಎರಡು ದಾರಿ ಇವೆ ಅಂತ ನಿಮಗೆ ಗೊತ್ತೇ? ಕಂಪನಿಯವರು ಜೋಡಿಸಿ ಮಾರುವುದು ಒಂದು. ಬಿಡಿಭಾಗ ಆರಿಸಿ ತಂದು ನಾವೇ ಜೋಡಿಸುವುದು ಇನ್ನೊಂದು. ಎರಡನೆಯದಕ್ಕೆ ‘ಅಸೆಂಬಲ್ಡ್’ ಅನ್ನುತ್ತಾರೆ. ಯಾವುದು ಒಳ್ಳೆಯದು? ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಮನೆಯಲ್ಲಿ ನಡೆದ ಚರ್ಚೆ

2023ರಲ್ಲಿ ನಮ್ಮಣ್ಣ ಡಿಪ್ಲೊಮಾ ಓದುತ್ತಿದ್ದ. ಕಂಪ್ಯೂಟರ್ ಬೇಕೇ ಬೇಕು ಅಂದ. ಅಡಿಕೆ ಮಾರಿದ ದುಡ್ಡಿನಲ್ಲಿ ಸಾಲದ ಕಂತು ತೆಗೆದಿಟ್ಟು ಅಪ್ಪ ಕೊಟ್ಟದ್ದು 32 ಸಾವಿರ ರೂಪಾಯಿ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ.

ಬೆಂಗಳೂರಿನಲ್ಲಿರುವ ಮಾವ, “ಎಸ್.ಪಿ. ರೋಡಿನಲ್ಲಿ ಸಾಮಾನು ತಗಂಡು ಜೋಡ್ಸಣ, ಇದೇ ದುಡ್ಡಿಗೆ ಜಾಸ್ತಿ ಶಕ್ತಿ ಇರೋದು ಸಿಗುತ್ತೆ” ಅಂದರು. ಅಪ್ಪನದು ಒಂದೇ ಪ್ರಶ್ನೆ: “ಕೆಟ್ಟರೆ ಯಾರನ್ನ ಕೇಳೋದು?” ಕೊನೆಗೆ ಮಾವನ ಮಾತೇ ನಡೆಯಿತು.

ಬಿಡಿಭಾಗ ಸಿಗುವುದು ಹೇಗೆ ಬಂತು?

ಮೊದಲು ಒಂದು ಕಂಪನಿಯ ಕಂಪ್ಯೂಟರಿನ ಭಾಗ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುತ್ತಿರಲಿಲ್ಲ. 1981ರ ಆಗಸ್ಟ್ 12ರಂದು ಐ.ಬಿ.ಎಂ. ಕಂಪನಿ ತನ್ನ ‘ಪಿ.ಸಿ.’ ಹೊರತಂದಿತು. ಅದರ ಹೆಚ್ಚಿನ ಭಾಗಗಳನ್ನು ಬೇರೆಯವರಿಂದ ಕೊಂಡೇ ಜೋಡಿಸಿದ್ದರು. ಪ್ರೊಸೆಸರ್ ಇಂಟೆಲ್‌ನದು. ಒಳರಚನೆಯ ವಿವರವನ್ನೂ ಪುಸ್ತಕ ಮಾಡಿ ಪ್ರಕಟಿಸಿದರು. ಹೀಗಾಗಿ ಅದಕ್ಕೆ ಹೊಂದುವ ಭಾಗಗಳನ್ನು ಯಾರು ಬೇಕಾದರೂ ಮಾಡುವಂತಾಯಿತು.

ನಮ್ಮ ದೇಶದಲ್ಲಿ 1984ರ ಕಂಪ್ಯೂಟರ್ ನೀತಿಯಿಂದ ಭಾಗಗಳನ್ನು ಹೊರದೇಶದಿಂದ ತರಿಸುವುದು ಸುಲಭವಾಯಿತು. ಬೆಂಗಳೂರಿನ ವಿಪ್ರೋದಂಥ ಕಂಪನಿಗಳು ಸಿದ್ಧ ಕಂಪ್ಯೂಟರ್ ಮಾಡಿ ಮಾರಿದವು. ಇನ್ನೊಂದು ಕಡೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡು, ಬಿಡಿಭಾಗಗಳ ದೊಡ್ಡ ಸಂತೆಯೇ ಆಯಿತು. 1990ರ ದಶಕದಲ್ಲಿ ಎಷ್ಟೋ ಡಿ.ಟಿ.ಪಿ. ಅಂಗಡಿಗಳಿಗೆ, ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಬಂದದ್ದು ಅಸೆಂಬಲ್ಡ್ ಕಂಪ್ಯೂಟರ್‌ಗಳೇ.

ಒಳಗೆ ಏನೇನಿದೆ?

1) ಪ್ರೊಸೆಸರ್: ಲೆಕ್ಕ ಮಾಡುವ ಮಿದುಳು.
2) ಮದರ್‌ಬೋರ್ಡ್: ಎಲ್ಲ ಭಾಗ ಕೂರುವ ಹಲಗೆ.
3) ರ‍್ಯಾಮ್: ಕೆಲಸ ಮಾಡುವಾಗಿನ ನೆನಪು. ಕರೆಂಟ್ ಹೋದರೆ ಅಳಿಸಿಹೋಗುತ್ತದೆ.
4) ಎಸ್.ಎಸ್.ಡಿ.: ಉಳಿಯುವ ನೆನಪು. ನಮ್ಮ ಕಡತಗಳು ಇರುವುದು ಇಲ್ಲೇ.
5) ಎಸ್.ಎಂ.ಪಿ.ಎಸ್.: ಮನೆಯ 230 ವೋಲ್ಟ್ ಎ.ಸಿ. ಕರೆಂಟನ್ನು 12, 5 ಮತ್ತು 3.3 ವೋಲ್ಟ್ ಡಿ.ಸಿ. ಮಾಡಿ ಕೊಡುತ್ತದೆ.
6) ಕ್ಯಾಬಿನೆಟ್: ಇವನ್ನೆಲ್ಲ ಇಡುವ ಡಬ್ಬ.

ಇವುಗಳ ಜೊತೆಗೆ ಮಾನಿಟರ್, ಕೀಲಿಮಣೆ, ಮೌಸ್ ಬೇಕು.

ಯಾವುದಕ್ಕೆ ಯಾವುದೋ ಹೊಂದುವುದಿಲ್ಲ. ಪ್ರೊಸೆಸರಿಗೆ ತಕ್ಕ ಸಾಕೆಟ್ ಇರುವ ಮದರ್‌ಬೋರ್ಡೇ ಬೇಕು. ಡಿ.ಡಿ.ಆರ್.4 ರ‍್ಯಾಮ್ ಡಿ.ಡಿ.ಆರ್.5 ಜಾಗದಲ್ಲಿ ಕೂರುವುದಿಲ್ಲ, ಅದರ ಕಚ್ಚು ಬೇರೆ ಕಡೆ ಇರುತ್ತದೆ. ಅಂಗಡಿಯವರು ನಮಗೆ ಮೊದಲು ತೋರಿಸಿದ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇತ್ತು. ಹಾಗಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗ ಇಲ್ಲ ಅಂತ ಅರ್ಥ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ! ಮಾವ ನೋಡಿದ್ದರಿಂದ ಬಚಾವಾದೆವು.

ಜೋಡಿಸಿದ್ದು ಹೀಗೆ

ಜೋಡಿಸಲು ಬೇಕಾದದ್ದು ಒಂದು ಸ್ಟಾರ್ ಸ್ಕ್ರೂ ಡ್ರೈವರ್, ತಾಳ್ಮೆ, ಮತ್ತು ಒಣಗಿದ ಕೈ. ಮೊದಲು ಕಬ್ಬಿಣದ ಕಿಟಕಿ ಸರಳು ಮುಟ್ಟಿ ಮೈಮೇಲಿನ ಸ್ಥಾಯಿ ವಿದ್ಯುತ್ ಕಳೆಯಬೇಕು. ಬಲೂನನ್ನು ತಲೆಗೆ ಉಜ್ಜಿದರೆ ಕೂದಲು ಎಳೆಯುತ್ತದಲ್ಲ, ಅದೇ ವಿದ್ಯುತ್ತು. ಅದರ ಸಣ್ಣ ಕಿಡಿಗೆ ಚಿಪ್ ಸುಟ್ಟುಹೋಗಬಹುದು. ಪ್ರೊಸೆಸರನ್ನು ಅದರ ಮೂಲೆಯ ತ್ರಿಕೋನ ಗುರುತು ನೋಡಿ ಮೆಲ್ಲಗೆ ಇಡಬೇಕು, ಒತ್ತಬಾರದು. ಅದರ ಮೇಲೆ ಥರ್ಮಲ್ ಪೇಸ್ಟ್ ಇರಬೇಕು, ಆಮೇಲೆ ಫ್ಯಾನು. ರ‍್ಯಾಮನ್ನು ‘ಟಕ್’ ಎನ್ನುವವರೆಗೆ ಒತ್ತಬೇಕು. ಬೆಳಿಗ್ಗೆ ಕೂತ ಅಣ್ಣ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದ. ಪರದೆ ಬೆಳಗಿದಾಗ ಅಮ್ಮ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಬಂದು ನೋಡಿದರು.

ದುಡ್ಡು ಕೊಟ್ಟು ಕೊಳ್ಳುವ ವಿಂಡೋಸ್ ಬದಲು ಉಚಿತವಾದ ಉಬುಂಟು ಹಾಕಿದೆವು. ಅದರಲ್ಲೂ ಕನ್ನಡ ಟೈಪ್ ಮಾಡಬಹುದು.

ಆಮೇಲೆ ಆದದ್ದು

ಆರು ತಿಂಗಳಿಗೆ ಒಂದು ಸಂಜೆ ಗುಡುಗು, ಮಳೆ. ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿತು. ಸುಟ್ಟ ವಾಸನೆ ಬಂದು ಕಂಪ್ಯೂಟರ್ ಸತ್ತೇಹೋಯಿತು. ಅಣ್ಣನ ಪ್ರಾಜೆಕ್ಟ್ ಕೊಡಲು ನಾಲ್ಕೇ ದಿನ ಉಳಿದಿತ್ತು. ಅಂಗಡಿಗೆ ಫೋನ್ ಮಾಡಿದರೆ, “ಕ್ಯಾಬಿನೆಟ್ ಜೊತೆ ಬಂದ ಎಸ್.ಎಂ.ಪಿ.ಎಸ್.ಗೆ ವಾರಂಟಿ ಇಲ್ಲ” ಅಂದರು. ದುಡ್ಡು ಉಳಿಸಲು ನಾವು ಅಗ್ಗದ್ದು ತಗೊಂಡಿದ್ದೆವು. ಯು.ಪಿ.ಎಸ್. ಅಂತೂ ಇರಲೇ ಇಲ್ಲ. ಅಪ್ಪ ಏನೂ ಬೈಯಲಿಲ್ಲ. ಸುಮ್ಮನೆ ಎದ್ದು ತೋಟಕ್ಕೆ ಹೋದರು. ಬೈದಿದ್ದರೇ ಚೆನ್ನಾಗಿತ್ತು ಅಂತ ಅಣ್ಣ ಅಂದ.

ಆದರೆ ಒಳಗನ್ನು ಕೈಯಾರೆ ಜೋಡಿಸಿದ್ದವನಿಗೆ ಯಾವುದು ಎಲ್ಲಿದೆ ಅಂತ ಗೊತ್ತಿತ್ತು. ಎಸ್.ಎಸ್.ಡಿ. ಬಿಚ್ಚಿಕೊಂಡು ಗೆಳೆಯನ ಕಂಪ್ಯೂಟರಿಗೆ ಹಾಕಿ ಪ್ರಾಜೆಕ್ಟ್ ಉಳಿಸಿಕೊಂಡ. ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ ಒಳ್ಳೆಯ ಎಸ್.ಎಂ.ಪಿ.ಎಸ್. ತಂದ. ನಾಲ್ಕು ಸ್ಕ್ರೂ ಬಿಚ್ಚಿ ಹೊಸದು ಕೂರಿಸಿದ. ಬೇರೆ ಭಾಗ ಕೆಟ್ಟಿರಲಿಲ್ಲ, ನಮ್ಮ ಪುಣ್ಯ.

ಚಿಕ್ಕಪ್ಪನ ಮನೆಯದು ರೆಡಿಮೇಡ್. ಅದು ಮೊದಲ ವರ್ಷ ಕೆಟ್ಟಾಗ ಕಂಪನಿಯವರು ಮನೆಗೇ ಬಂದು ಪುಕ್ಕಟೆ ಸರಿಮಾಡಿದರು. ವಾರಂಟಿ ಮುಗಿದ ಮೇಲೆ ಮತ್ತೆ ಕೆಟ್ಟಿತು. ಅದರ ಎಸ್.ಎಂ.ಪಿ.ಎಸ್. ಆಕಾರವೇ ಬೇರೆ, ಮಾಮೂಲಿನದು ಹೊಂದುವುದಿಲ್ಲ. ತರಿಸಲು ಬಹಳ ದಿನ ಕಾಯಬೇಕಾಯಿತು.

ಹಾಗಾದರೆ ಯಾವುದು ಒಳ್ಳೆಯದು?

ಹೇಳಿಕೊಡುವವರು ಹತ್ತಿರ ಇದ್ದು, ಕಲಿಯುವ ಆಸೆ ಇದ್ದರೆ ಜೋಡಿಸಿ. ಮುಂದೆ ರ‍್ಯಾಮ್ ಒಂದನ್ನೇ ಹೆಚ್ಚಿಸಬಹುದು, ಕೆಟ್ಟ ಭಾಗ ಒಂದನ್ನೇ ಬದಲಿಸಬಹುದು. ಬಿಚ್ಚಲು ಹೆದರಿಕೆ ಇದ್ದರೆ, ಶಾಲೆ ಅಥವಾ ಸೊಸೈಟಿಯಂತೆ ಹತ್ತು ಜನ ಬಳಸುವ ಜಾಗವಾದರೆ ರೆಡಿಮೇಡ್ ಮೇಲು. ಎಲ್ಲಕ್ಕೂ ಒಬ್ಬರೇ ಜವಾಬ್ದಾರರು ಇರುತ್ತಾರೆ. ಜೋಡಿಸಿದರೆ ಯಾವಾಗಲೂ ಅಗ್ಗ ಎಂಬುದೂ ನಿಜವಲ್ಲ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಎರಡರ ಬೆಲೆಯನ್ನೂ ವಿಚಾರಿಸಿಯೇ ತೀರ್ಮಾನಿಸಿ.

ನೆನಪಿಡಿ

* ಪ್ರತಿ ಭಾಗಕ್ಕೂ ಜಿ.ಎಸ್.ಟಿ. ಬಿಲ್ಲು ಕೇಳಿ. ವಾರಂಟಿ ಎಷ್ಟು ವರ್ಷ ಅಂತ ಬರೆಸಿಕೊಳ್ಳಿ.
* ಎಸ್.ಎಂ.ಪಿ.ಎಸ್.ನಲ್ಲಿ ಜಿಪುಣತನ ಬೇಡ. ನಮ್ಮೂರ ಕರೆಂಟಿಗೆ ಯು.ಪಿ.ಎಸ್. ಬೇಕು.
* ಗುಡುಗು ಬಂದರೆ ಪ್ಲಗ್ ಕಿತ್ತಿಡಿ.
* ಎಸ್.ಎಂ.ಪಿ.ಎಸ್. ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಅಪಾಯದಷ್ಟು ವಿದ್ಯುತ್ ಉಳಿದಿರಬಹುದು.

ಅಪ್ಪ ಕೇಳಿದ “ಕೆಟ್ಟರೆ ಯಾರನ್ನ ಕೇಳೋದು?” ಎಂಬ ಪ್ರಶ್ನೆಗೆ ಈಗ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿದೆ. ಅಕ್ಕಪಕ್ಕದವರೂ ಅಣ್ಣನನ್ನೇ ಕೇಳಲು ಬರುತ್ತಾರೆ. ಹಳೆಯ ಕೆಟ್ಟ ಮದರ್‌ಬೋರ್ಡ್ ಒಂದನ್ನು ಅವನು ನಮ್ಮ ಶಾಲೆಗೆ ಕೊಟ್ಟಿದ್ದಾನೆ. ವಿಜ್ಞಾನ ಕೊಠಡಿಯ ಮೇಜಿನ ಮೇಲಿದೆ. ಬಿಡುವಿನಲ್ಲಿ ಬಂದು ನೋಡಿ. ರ‍್ಯಾಮ್ ಕೂರುವ ಜಾಗ ಯಾವುದು, ಹೇಳಿ ನೋಡೋಣ!

– 10ನೇ ತರಗತಿಯ ವಿದ್ಯಾರ್ಥಿನಿ