ಸರ್ ರಾಬರ್ಟ್ ಕಾಟನ್ನನ ಪುಸ್ತಕಭಂಡಾರ

ಪರರ ಕೈಸೇರಿದ ಪುಸ್ತಕವು ಹೋದಂತೆಯೇ ಸರಿ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮನೆಯಲ್ಲಿ ನಾಲ್ಕು ಒಳ್ಳೆಯ ಗ್ರಂಥಗಳನ್ನಿರಿಸಿಕೊಂಡವರು ಇದರ ಸತ್ಯವನ್ನು ಒಂದಲ್ಲ ಒಂದು ದಿನ ಅರಿತೇ ಇರುತ್ತಾರೆ. ಈ ಮಾತಿಗೆ ವಿರುದ್ಧವಾಗಿ ನಡೆದ ಇಂಗ್ಲೆಂಡಿನ ಗೃಹಸ್ಥನೊಬ್ಬನ ವೃತ್ತಾಂತವನ್ನು ಈ ದಿನ ತಮ್ಮ ಮುಂದೆ ಇಡಬಯಸುತ್ತೇನೆ.

ರಾಬರ್ಟ್ ಕಾಟನ್ ಹುಟ್ಟಿದ್ದು 1571ರಲ್ಲಿ, ಹಂಟಿಂಗ್‌ಡನ್ ಸೀಮೆಯ ಡೆಂಟನ್ ಎಂಬ ಹಳ್ಳಿಯಲ್ಲಿ. ವೆಸ್ಟ್‌ಮಿನ್‌ಸ್ಟರ್ ಪಾಠಶಾಲೆಯಲ್ಲಿ ಅವನಿಗೆ ಗುರುವಾಗಿ ದೊರೆತವನು ಪ್ರಸಿದ್ಧ ಇತಿಹಾಸಜ್ಞನಾದ ವಿಲಿಯಂ ಕ್ಯಾಮ್‌ಡನ್. ಹಳೆಯದರಲ್ಲಿ ಆಸಕ್ತಿಯನ್ನು ಶಿಷ್ಯನಲ್ಲಿ ಬಿತ್ತಿದವನು ಅವನೇ. ಕಾಲವೂ ಅದಕ್ಕೆ ಒದಗಿಬಂದಿತು. 1536ರಿಂದ 1540ರವರೆಗೆ ಎಂಟನೆಯ ಹೆನ್ರಿ ದೊರೆಯು ದೇಶದ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿದ್ದನು. ಸಂನ್ಯಾಸಿಗಳು ಶತಮಾನಗಳಿಂದ ಬರೆದು ಕಾಪಾಡಿದ್ದ ಕೈಬರಹದ ಗ್ರಂಥಗಳು ದಿಕ್ಕುಪಾಲಾದುವು. ಎಷ್ಟೋ ಹಾಳೆಗಳು ದಿನಸಿ ಅಂಗಡಿಗಳಲ್ಲಿ ಸಾಮಾನು ಕಟ್ಟುವುದಕ್ಕೆ ಬಳಕೆಯಾದುವು. ಹೀಗೆ ಚದುರಿ ಉಳಿದುದನ್ನು ಹುಡುಕಿ ತರುವುದೇ ಕಾಟನ್ನನ ಜೀವಿತಕಾರ್ಯವಾಯಿತು.

1603ರಲ್ಲಿ ಅವನಿಗೆ ಸರ್ ಪದವಿ ದೊರೆಯಿತು. 1622ರಿಂದ ಅವನ ಭಂಡಾರವು ವೆಸ್ಟ್‌ಮಿನ್‌ಸ್ಟರಿನಲ್ಲಿ, ಪಾರ್ಲಿಮೆಂಟಿನ ಮಗ್ಗುಲಿನ ಮನೆಯಲ್ಲಿದ್ದಿತು. ಒಂದೊಂದು ಬೀರುವಿನ ಮೇಲೂ ಒಂದೊಂದು ಪ್ರತಿಮೆ. ಹನ್ನೆರಡು ಮಂದಿ ರೋಮನ್ ಸೀಸರರು, ಅವರೊಡನೆ ಕ್ಲಿಯೋಪಾತ್ರ ಮತ್ತು ಫಾಸ್ಟಿನ. ಗ್ರಂಥಗಳಿಗೂ ಅದೇ ಹೆಸರು ನಿಂತಿತು. ಪ್ರಾಚೀನ ಇಂಗ್ಲಿಷಿನ ಬೇವುಲ್ಫ್ ಮಹಾಕಾವ್ಯದ ಏಕಮಾತ್ರ ಪ್ರತಿಯನ್ನು ಇಂದಿಗೂ ಗುರುತಿಸುವುದು ವಿಟೆಲಿಯಸ್ ಬೀರುವಿನ ಮೊದಲನೆಯ ಅರೆಯ ಹದಿನೈದನೆಯ ಪುಸ್ತಕವೆಂದೇ. 1215ರ ಮ್ಯಾಗ್ನ ಕಾರ್ಟದ ಮೂಲಪ್ರತಿಗಳಲ್ಲಿ ಉಳಿದಿರುವುವು ನಾಲ್ಕು. ಅವುಗಳಲ್ಲಿ ಎರಡು ಕಾಟನ್ನನ ಸಂಗ್ರಹಕ್ಕೆ ಸೇರಿದುವು.

ಇಂತಹ ನಿಧಿಗೆ ಅವನು ಬೀಗ ಹಾಕಿ ಕುಳಿತವನಲ್ಲ. ಫ್ರಾನ್ಸಿಸ್ ಬೇಕನ್, ನ್ಯಾಯಶಾಸ್ತ್ರಜ್ಞನಾದ ಜಾನ್ ಸೆಲ್ಡನ್, ಕವಿ ಬೆನ್ ಜಾನ್ಸನ್ ಮೊದಲಾದವರು ಅಲ್ಲಿಂದ ಗ್ರಂಥಗಳನ್ನು ಎರವಲು ಪಡೆಯುತ್ತಿದ್ದರು. ಹಾಗೆಂದು ಕಾಟನ್ನನನ್ನು ನಿರ್ದೋಷಿಯೆನ್ನುವಂತಿಲ್ಲ. ಬೇರೆ ಬೇರೆ ಗ್ರಂಥಗಳ ಭಾಗಗಳನ್ನು ಬಿಡಿಸಿ ಒಂದೇ ರಟ್ಟಿನೊಳಗೆ ಹೊಲಿಸುವ ಚಾಳಿ ಅವನಿಗಿತ್ತು. ಸರ್ಕಾರದ ಎಷ್ಟೋ ಕಾಗದಪತ್ರಗಳೂ ಅವನ ಬೀರುಗಳಲ್ಲಿ ಸೇರಿದ್ದುವು.

ಆದರೆ ಅವನಿಗೆ ಮುಳುವಾದುದು ಈ ದೋಷಗಳಲ್ಲ, ಅವನ ಔದಾರ್ಯ. ಆಗ ಮೊದಲನೆಯ ಚಾರಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಕಲಹ ಬಲಿತಿದ್ದಿತು. ದೊರೆಯ ಅಧಿಕಾರಕ್ಕೆ ಮೇರೆಯುಂಟೆಂದು ವಾದಿಸಿದವರಿಗೆ ಹಳೆಯ ಶಾಸನಗಳೇ ಆಯುಧ. ಆ ಆಯುಧಗಳಿದ್ದುದು ಕಾಟನ್ನನ ಮನೆಯಲ್ಲಿ. 1629ರಲ್ಲಿ, ಪಾರ್ಲಿಮೆಂಟನ್ನು ಅಡಗಿಸುವ ಉಪಾಯಗಳನ್ನು ದೊರೆಗೆ ಬೋಧಿಸುವ ಹಳೆಯ ಲೇಖನವೊಂದರ ನಕಲುಗಳು ಕೈಯಿಂದ ಕೈಗೆ ಹರಡಿದುವು. ಅದರ ಮೂಲವು ಈ ಭಂಡಾರದಿಂದ ಹೊರಬಿದ್ದುದೆಂದು ತಿಳಿಯಿತು. ದೊರೆಯ ಅಪ್ಪಣೆಯಂತೆ ಕಾಟನ್ ಸೆರೆಯಾದನು. ಭಂಡಾರಕ್ಕೆ ಮುದ್ರೆ ಬಿದ್ದಿತು. ಕೆಲಕಾಲದಲ್ಲಿ ಅವನಿಗೆ ಬಿಡುಗಡೆಯಾಯಿತು, ಅವನ ಪುಸ್ತಕಗಳಿಗೆ ಆಗಲಿಲ್ಲ. ಕೆಂಪೇರಿದ್ದ ಅವನ ಮುಖವು ಸತ್ತವನ ಮುಖದಂತೆ ಕಪ್ಪಿಟ್ಟಿತೆಂದು ಅವನನ್ನು ಬಲ್ಲ ಸೈಮಂಡ್ಸ್ ಡ್ಯೂಸ್ ಎಂಬವನು ಬರೆದಿಟ್ಟಿದ್ದಾನೆ. 1631ರ ಮೇ 6ರಂದು ಕಾಟನ್ ತೀರಿಕೊಂಡನು.

ಭಂಡಾರವು ಮುಂದೆ ಮಗನ ಕೈಸೇರಿತು; ಮೊಮ್ಮಗ ಸರ್ ಜಾನನ ಕಾಲಾನಂತರ, 1702ರಲ್ಲಿ, ರಾಷ್ಟ್ರದ ಸ್ವತ್ತಾಯಿತು. 1731ರ ಅಕ್ಟೋಬರ್ 23ರಂದು, ಅದನ್ನು ಇರಿಸಿದ್ದ ಆಷ್‌ಬರ್ನಂ ಭವನಕ್ಕೆ ಬೆಂಕಿ ಬಿದ್ದಿತು. ಪುಸ್ತಕಗಳನ್ನು ಕಿಟಕಿಗಳಿಂದ ಹೊರಕ್ಕೆಸೆದು ಉಳಿಸಬೇಕಾಯಿತು. ಆ ಬಳಿಕ ನಡೆದ ವಿಚಾರಣೆಯ ಲೆಕ್ಕದಂತೆ, 958 ಸಂಪುಟಗಳಲ್ಲಿ 114 ನಾಶವಾದುವು, 98 ಕೆಟ್ಟುಹೋದುವು. ಬೇವುಲ್ಫ್ ಅಂಚು ಸುಟ್ಟು ಬದುಕಿತು. ಉಳಿದವು 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸ್ಥಾಪನೆಯಾದಾಗ ಅದರ ಮೂಲಧನವಾದುವು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆ ರಾತ್ರಿ ಓಥೋ ಬೀರುವಿನ ಒಂದು ಸಂಪುಟವು ಬೂದಿಯಾಯಿತು. ಆಲ್‌ಫ್ರೆಡ್ ದೊರೆಯ ಚರಿತ್ರೆಯೂ ಮಾಲ್ಡನ್ ಯುದ್ಧವನ್ನು ಕುರಿತ ಕಾವ್ಯಭಾಗವೂ ಅದರಲ್ಲಿದ್ದುವು. ಆದರೂ ಅವೆರಡನ್ನೂ ನಾವು ಇಂದು ಓದಬಹುದು. ಚರಿತ್ರೆಯು 1574ರಲ್ಲಿಯೇ ಅಚ್ಚಾಗಿದ್ದಿತು; ಕಾವ್ಯಭಾಗವನ್ನು ಬೆಂಕಿಗೆ ಮುಂಚೆಯೇ ಒಬ್ಬರು ನಕಲು ಮಾಡಿಕೊಂಡಿದ್ದರು, 1726ರಲ್ಲಿ ಅದೂ ಅಚ್ಚಾಗಿದ್ದಿತು. ಬೀರುವಿನಲ್ಲೇ ಭದ್ರವಾಗಿದ್ದ ಪ್ರತಿ ಸುಟ್ಟಿತು. ಪರರ ಕೈಸೇರಿದ್ದು ಉಳಿಯಿತು. ಹಿರಿಯರ ಮಾತು ಸುಳ್ಳೆಂದು ಹೇಳಲಾರೆ. ಆದರೆ ಹೋದ ಪುಸ್ತಕವು ಕೆಲವೊಮ್ಮೆ ಹೋದುದರಿಂದಲೇ ಬದುಕುತ್ತದೆಂಬುದನ್ನೂ ನಾವು ಮರೆಯಬಾರದು.